ಬಾಲ್ ಗದ್ದೆಪ್ಪನ ಅಡ್ಡಾದಿಡ್ಡಿ ಪಾಠ

ಜವಳಗೇರಾದಲ್ಲಿ ಗದ್ದೆಪ್ಪ ಎಂಬವರು ಓಣಿಗೊಬ್ಬರಿದ್ದರೂ ಬಾಲ್ ಗದ್ದೆಪ್ಪ ಒಬ್ಬನೇ. ಅವನ ಹೆಸರಿನಲ್ಲಿ ಗದ್ದೆ ಇತ್ತು, ಅವನ ಹೆಸರಿಗೆ ಗದ್ದೆ ಇರಲಿಲ್ಲ. ಸರಕಾರಿ ಸರ್ವಿಸ್ ಸಿಗಲೆಂದು ಒಂದಷ್ಟು ಕಾಲ ಅರ್ಜಿ ಹಾಕಿ, ಸಿಗದೆ, ಕಾಲುವೆ ದಂಡೆಯ ರೈಸ್ ಮಿಲ್ಲೊಂದರ ಕಾಟಾದಲ್ಲಿ ಗುಮಾಸ್ತನಾಗಿ ಕುಳಿತ. ನೆಲ್ಲಿನ ಲಾರಿ ಒಳಗೆ ಬಂದರೆ ತೂಗುವುದು, ಹೊರಗೆ ಹೋದರೆ ತೂಗುವುದು, ನಡುವೆ ತೂಕಡಿಸುವುದು. ಸಂಜೆ ಮಿಲ್ಲಿನ ಸದ್ದು ನಿಂತ ಮೇಲೆ ಮಾತ್ರ ಅವನಿಗೆ ಬೇರೊಂದು ಸರ್ವಿಸ್ ಇತ್ತು. ಅದು ವಾಲಿಬಾಲಿನದು. ಸಂಬಳವಿಲ್ಲದ್ದು, ಪಿಂಚಣಿಯಿಲ್ಲದ್ದು, ರಿಟೈರ್ ಮಾಡಿಸುವವರೂ ಇಲ್ಲದ್ದು.

ಮಿಲ್ಲಿಗೆ ನೆಲ್ಲು ಒಣಗಿಸುವ ಮಷೀನು ಬಂದ ವರ್ಷ, ಅಲ್ಲಿಯವರೆಗೆ ಬಿಸಿಲಿಗೆ ನೆಲ್ಲು ಹರವುತ್ತಿದ್ದ ಸಿಮೆಂಟಿನ ಕಣ ಬಿಕೋ ಎಂದು ಬಿದ್ದಿತು. ಗದ್ದೆಪ್ಪ ಸಾಹುಕಾರರ ಮುಂದೆ ತಲೆ ಕೆರೆದುಕೊಳ್ಳುತ್ತ ನಿಂತು ಅದನ್ನು ಕೇಳಿ ಪಡೆದ. ಎರಡು ಕಂಬ ಹುಗಿದ. ಊರೆಲ್ಲ ಸಸಿ ನೆಡುವ ಹೊತ್ತಿನಲ್ಲಿ ಇವನೊಬ್ಬ ನೆಟ್ ನೆಟ್ಟ. ಗಂಡುಹುಡುಗರು ಬರುತ್ತಾರೆಂದುಕೊಂಡಿದ್ದ. ಅವರೆಲ್ಲ ಆಗಲೇ ಕ್ರಿಕೆಟ್ಟಿಗೆ ಮಾರಿಹೋಗಿದ್ದರಿಂದ ಬಂದವರು ಹುಡುಗಿಯರು.

ಅವನು ಕಲಿಸುವ ರೀತಿಯನ್ನು ನೋಡಿದವರಿಗೆ ಇವನಿಗೆ ಆಟ ಗೊತ್ತೇ ಎಂಬ ಅನುಮಾನ ಹುಟ್ಟುತ್ತಿತ್ತು. ಬೇರೆ ಕಡೆಯಲ್ಲೆಲ್ಲ ಸರ್ವಿಸ್ ಎಂದರೆ ಒಂದು ವಾರ ಬರೀ ಸರ್ವಿಸ್, ಅದು ಕೈಗೆ ಹತ್ತಿದ ಮೇಲೆ ಪಾಸ್, ಪಾಸಾದ ಮೇಲೆ ಲಿಫ್ಟ್. ಗದ್ದೆಪ್ಪನ ಕಣದಲ್ಲಿ ಹಾಗಿಲ್ಲ. ಒಂದು ಚೆಂಡು ಎಡಕ್ಕೆ ತಗ್ಗಿನಲ್ಲಿ ಬಂದರೆ ಮುಂದಿನದು ತಲೆಯ ಮೇಲೆ. ಅದನ್ನು ಎತ್ತುವಷ್ಟರಲ್ಲಿ "ಸರ್ವಿಸ್ ಹೊಡಿ" ಎಂಬ ಕೂಗು. ಹೊಡೆದು ತಿರುಗುವಷ್ಟರಲ್ಲಿ ಇನ್ನೊಂದು ಚೆಂಡು ಬಲಕ್ಕೆ, ಅದೂ ದೂರಕ್ಕೆ. ಒಂದರ ಹಿಂದೆ ಅದೇ ನಮೂನೆಯ ಇನ್ನೊಂದು ಬಂತು ಎನ್ನುವ ಮಾತಿಲ್ಲ.

ಇದನ್ನು ಅವನು ಕಲಿತದ್ದು ಮೈದಾನದಲ್ಲಲ್ಲ, ಕೆಸರಿನಲ್ಲಿ. ಮೀಸೆ ಮೂಡುವ ಮೊದಲು ಅವನು ಮೇಸ್ತ್ರಿ ನರಸಣ್ಣನ ಗುಂಪಿನಲ್ಲಿ ಸಸಿಯ ಕಟ್ಟು ಒಗೆಯುವ ಕೂಲಿಗೆ ಹೋಗುತ್ತಿದ್ದ. ನಾಟಿ ಮಾಡುವ ಹೆಂಗಸರು ಸಾಲಾಗಿ ಬಗ್ಗಿ ಹಿಂದಕ್ಕೆ ಸರಿಯುತ್ತಿರುತ್ತಾರೆ. ಬದುವಿನ ಮೇಲೆ ನಿಂತವನು ಸಸಿಯ ಕಟ್ಟುಗಳನ್ನು ಅವರ ಹಿಂದೆ ಕೆಸರಿನ ಉದ್ದಗಲಕ್ಕೂ ಬೀಳುವಂತೆ ಒಗೆಯಬೇಕು. ಮೊದಲ ದಿನ ಗದ್ದೆಪ್ಪ ಗುರಿ ಸರಿಮಾಡಿಕೊಳ್ಳೋಣವೆಂದು ಒಂದೇ ಜಾಗ ನೋಡಿ ಮತ್ತೆ ಮತ್ತೆ ಒಗೆದ. ಗುರಿಯೇನೋ ಸರಿಹೋಯಿತು. ನರಸಣ್ಣ ಓಡಿ ಬಂದ.

"ಲೇ ಮಗನ, ಅಲ್ಲೇನು ಬಣವಿ ಒಟ್ಟಾಕತ್ತೀಯೇನು? ಒಂದು ಕಟ್ಟು ಬಿದ್ದಲ್ಲಿ ಇನ್ನೊಂದು ಕಟ್ಟು ಬಿತ್ತಂದ್ರ ನಿನ್ನ ಕೂಲಿ ಕಟ್!"

ಆಮೇಲೆ ಒಂದು ವಾರ ಕಟ್ಟುಗಳೆಲ್ಲ ಹೆಂಗಸರ ಬೆನ್ನ ಮೇಲೆ ಬಿದ್ದವು, ಹೆಂಗಸರ ಬೈಗುಳಗಳೆಲ್ಲ ಗದ್ದೆಪ್ಪನ ಮೇಲೆ ಬಿದ್ದವು. ಮತ್ತೊಂದು ದಿನ, ಯಾವಾಗ ಎಂದು ಅವನಿಗೂ ತಿಳಿಯದಂತೆ, ಕೈಗೇ ಗೊತ್ತಾಗಿಬಿಟ್ಟಿತು. ಎಷ್ಟು ದೂರ, ಗಾಳಿ ಯಾವ ಕಡೆ, ಕಟ್ಟು ಎಷ್ಟು ನೆನೆದಿದೆ, ಎಲ್ಲವನ್ನೂ ಕೈ ಲೆಕ್ಕ ಹಾಕುತ್ತಿತ್ತು. ಗೊತ್ತಾದದ್ದು ಮುಂದೆ ಎಂದೂ ಮರೆಯಲಿಲ್ಲ. ಕಾಟಾದ ಗುಮಾಸ್ತನಾಗಿ ಹೊಟ್ಟೆ ಬಂದ ಮೇಲೂ ಅವನು ಕಿಟಕಿಯಲ್ಲಿ ಕುಳಿತೇ ಚೀಟಿಯನ್ನು ಡ್ರೈವರನ ಅಂಗಿಯ ಕಿಸೆಗೆ ಒಗೆಯುತ್ತಿದ್ದ.

ನರಸಣ್ಣ ಬೈದು ಕಲಿಸಿದ್ದ, ಯಾಕೆಂದು ಹೇಳಿ ಕಲಿಸಿರಲಿಲ್ಲ. ಗದ್ದೆಪ್ಪನೂ ಹಾಗೆಯೇ ಕಲಿಸಿದ.

ಕಣಕ್ಕೆ ಬರುತ್ತಿದ್ದವರಲ್ಲಿ ಹಮಾಲ ಬಸ್ಸಪ್ಪನ ಮಗಳು ಮೌನೇಶ್ವರಿ ಒಬ್ಬಳು. ಹೆಸರಿಟ್ಟವರಿಗೆ ಮುಂದಾಗುವುದು ತಿಳಿದಿರಲಿಲ್ಲ. ಹುಡುಗಿ ಬಾಯಿ ತೆರೆದರೆ ಮಿಲ್ಲಿನ ಮಷೀನು ನಾಚಿಕೊಂಡು ನಿಲ್ಲಬೇಕಿತ್ತು. ಉದ್ದನೆಯ ಕೈ, ತೆಳ್ಳನೆಯ ಕಾಲು, ನೆಟ್ಟಿನ ಮೇಲಿಂದ ಆಚೆ ನೋಡುವಷ್ಟು ಎತ್ತರ. ಆ ವರ್ಷ ಎಸ್ಸೆಸ್ಸೆಲ್ಸಿ ಮುಗಿಸುವವಳಿದ್ದಳು. ಬೇಸಿಗೆಯ ಕೊನೆಗೆ ಲಿಂಗಸುಗೂರಿನಲ್ಲಿ ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆ ನಡೆಯಲಿದೆ ಎಂಬ ಸುದ್ದಿ ತಂದವನು ಗದ್ದೆಪ್ಪನೇ. ಆರಿಸಿಕೊಂಡರೆ ಊಟ, ವಸತಿ, ಓದು ಎಲ್ಲ ಅವರದೇ.

ಬಸ್ಸಪ್ಪ ಒಳ್ಳೆಯ ಮನುಷ್ಯ. ಮಗಳ ಕಾಲಿಗೆ ಶೂ ತಂದುಕೊಟ್ಟವನೂ ಅವನೇ. ಆದರೆ ಅವನ ಲೆಕ್ಕ ಸೀದಾ ಇತ್ತು.

"ನೋಡಣ್ಣ ಗದ್ದೆಪ್ಪ, ಹಾಸ್ಟೆಲ್ ಸೀಟು ಸಿಕ್ರ ಓದ್ಲಿ, ಆಡ್ಲಿ, ಬೇಕಾದ್ದು ಆಗ್ಲಿ. ನಾ ಬ್ಯಾಡ ಅನ್ನಂಗಿಲ್ಲ. ಸಿಗಲಿಲ್ಲಂದ್ರ ಗುರುಗುಂಟಾದಾಗ ನಮ್ಮ ಅಕ್ಕ ಆದಮ್ಮನ ಮಗ ಅದಾನ. ಹದಿನೆಂಟು ತುಂಬಿದ ಕೂಡ್ಲೆ ನಾಕು ಅಕ್ಕಿಕಾಳು ಹಾಕಿಬಿಡ್ತೀನಿ. ಮಿಲ್ಲಿನ ಹಮಾಲಗ ಅಕ್ಕಿಕಾಳಿಗೇನು ಬರ?"

ನಗುತ್ತಲೇ ಹೇಳಿದ. ಗದ್ದೆಪ್ಪನಿಗೆ ನಗು ಬರಲಿಲ್ಲ. ಮೌನೇಶ್ವರಿಗಂತೂ ಗುರುಗುಂಟಾದ ಆ ಅತ್ತೆಯ ಮಗನೆಂದರೆ ಕುರಿ ಕಾಯುವಾಗ ಕುರಿಯ ಹಾಗೆಯೇ ಕೂಗುವವನು ಎಂಬುದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಅವಳಿಗೆ ಹಾಸ್ಟೆಲ್ ಬೇಕಿತ್ತು. ಬೇಕು ಎನ್ನುವುದನ್ನು ಅವಳು ಊರಿಗೆಲ್ಲ ಕೇಳುವಂತೆ ಹೇಳಿದ್ದಳು.

ಬೇಸಿಗೆಯುದ್ದಕ್ಕೂ ಕಣದಲ್ಲಿ ಚೆಂಡು ಬೀಳಬಾರದ ಕಡೆಯೆಲ್ಲ ಬಿತ್ತು. ಹೊಟ್ಟಿನ ಗುಡ್ಡೆಯಲ್ಲಿ ಹೂತಿತು, ಕಾಟಾದ ತಗಡಿನ ಮೇಲೆ ಗುಡುಗಿತು, ಎರಡು ಸಲ ಕಾಲುವೆಗೆ ಹಾರಿ ತೇಲಿಕೊಂಡು ಹೋಯಿತು. ಗೇಟಿನ ಬಳಿ ಚಹಾದ ಡಬ್ಬಿ ಅಂಗಡಿ ಇಟ್ಟುಕೊಂಡಿದ್ದ ಹಸನ್‌ಸಾಬನಿಗೆ ಇದು ದಿನದ ತಮಾಷೆ.

"ಗದ್ದೆಪ್ಪಣ್ಣ, ಕಾಲುವಿ ಕೊನಿ ಊರಿಗೆ ನೀರು ಮುಟ್ಟಂಗಿಲ್ಲ ಅಂತ ರೈತರು ದಿನಾ ಧರಣಿ ಕುಂದ್ರತಾರ. ನಿನ್ನ ಬಾಲು ಮಾತ್ರ ಬರಾಬರಿ ಮುಟ್ಟತೈತಿ ನೋಡು!"

"ನಿನ್ನ ಮಗಳು ವಸೀಮಾ ಒದ್ದ ಬಾಲು ಅದು. ನನಗ್ಯಾಕ ಅಂತೀ?"

"ಅಕಿ ಒದೀತಾಳ, ನೀ ಒದಿಸ್ತೀ. ವಾಲಿಬಾಲೋ ಫುಟ್‌ಬಾಲೋ ಒಂದು ಬೋರ್ಡ್ ಹಚ್ಚು ಮಾರಾಯಾ."

ವಸೀಮಾ ಗುಂಡುಗುಂಡಗಿನ, ಯಾವುದಕ್ಕೂ ಬೇಜಾರು ಮಾಡಿಕೊಳ್ಳದ ಹುಡುಗಿ. ತಪ್ಪಿದರೆ ನಗುತ್ತಿದ್ದಳು, ತಪ್ಪದಿದ್ದರೆ ಇನ್ನೂ ನಗುತ್ತಿದ್ದಳು. ಮೌನೇಶ್ವರಿ ಹಾಗಲ್ಲ. ಅವಳು ಪ್ರತಿ ತಪ್ಪನ್ನೂ ಮನೆಗೆ ಕಟ್ಟಿಕೊಂಡು ಹೋಗುತ್ತಿದ್ದಳು. ಒಂದು ಸಂಜೆ ಕಣದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟಳು.

"ಕಾಕಾ, ಒಂದ ನಮೂನಿ ನಾಕ್ ಸಲ ಒಗಿ. ಕೈಗೆ ಹತ್ತತೈತಿ. ನೀ ಒಂದ್ಸಲ ಮ್ಯಾಲ, ಒಂದ್ಸಲ ಕೆಳಗ ಒಗದ್ರ ನನಗ ಹೆಂಗ ಬರಬೇಕು?"

"ಪಂದ್ಯದಾಗ ಆ ಕಡಿಯಾಕಿ ನಿನ್ನ ಕೇಳಿ ಹೊಡಿತಾಳೇನು?"

"ಅದು ಪಂದ್ಯ. ಇದು ಕಲಿಯೂದು. ಎರಡೂ ಒಂದ ಏನು?"

ಎರಡೂ ಒಂದೇ ಎಂದು ಗದ್ದೆಪ್ಪನಿಗೆ ಗೊತ್ತಿತ್ತು. ಅಷ್ಟೇ ಅಲ್ಲ, ಇನ್ನೊಂದೂ ಗೊತ್ತಿತ್ತು. ಎರಡು ವಾರದಿಂದ ಅವನ ಕಣ್ಣು ಮೌನೇಶ್ವರಿಯ ಕೈಯ ಮೇಲಿರಲಿಲ್ಲ, ಕಾಲಿನ ಮೇಲಿತ್ತು. ಚೆಂಡು ಅವನ ಕೈಬಿಡುವ ಮೊದಲೇ ಅವಳ ಹಿಮ್ಮಡಿ ಆ ಕಡೆಗೆ ತಿರುಗತೊಡಗಿತ್ತು. ಕೈ ಇನ್ನೂ ತಡಮಾಡುತ್ತಿತ್ತು, ಅದಕ್ಕೇ ಚೆಂಡು ಅಡ್ಡಾದಿಡ್ಡಿ ಹೋಗುತ್ತಿತ್ತು. ಕಾಲಿಗೆ ಬಂದದ್ದು ಕೈಗೆ ಬರುತ್ತದೆ. ಇದನ್ನು ಅವಳಿಗೆ ಹೇಳಬಹುದಿತ್ತು. ಒಂದೇ ಒಂದು ಮಾತು. ಆದರೆ ಹೊಗಳಿದರೆ ಹುಡುಗರು ಕೆಡುತ್ತಾರೆ ಎಂಬುದು ನರಸಣ್ಣನ ಕಾಲದಿಂದ ಬಂದ ಕಾಯಿದೆ.

"ಬಾಯಿ ಮುಚ್ಕೊಂಡು ಆಡು ಬೇ. ಬಂದಾಗ ಬರ್ತೈತಿ," ಎಂದ.

ಅವಳು ಬಾಯಿ ಮುಚ್ಚಿಕೊಂಡಳು. ಅಂದಿನಿಂದ ಕಣದಲ್ಲಿ ಚೆಂಡಿನ ಸದ್ದೊಂದೇ ಕೇಳಿಸತೊಡಗಿತು.

ಹೀಗಿರುವಾಗ ಬಸ್ಸಪ್ಪ ಅಕ್ಕನ ಮನೆಯ ಕಾರ್ಯಕ್ಕೆಂದು ಗುರುಗುಂಟಾಕ್ಕೆ ಹೋದವನು, ಬರುವಾಗ ಲಿಂಗಸುಗೂರಿನಲ್ಲಿ ಬಸ್ಸು ತಪ್ಪಿ ಒಂದು ಮೈದಾನದ ಬೇಲಿಗೆ ಒರಗಿ ನಿಂತ. ಒಳಗೆ ಆನಂದಕುಮಾರ ಎಂಬ ವಾಲಿಬಾಲ್ ಮಾಸ್ತರರ ಬೇಸಿಗೆ ಶಿಬಿರ ನಡೆದಿತ್ತು. ಒಂದೇ ಬಣ್ಣದ ಅಂಗಿ, ಸುಣ್ಣದ ಗೆರೆ, ಗೆರೆಯ ಮೇಲೆ ಸಾಲಾಗಿ ಮಕ್ಕಳು. ಸೀಟಿ ಊದಿದರೆ ಸರ್ವಿಸ್. ಮತ್ತೆ ಸೀಟಿ, ಮತ್ತೆ ಸರ್ವಿಸ್. ಚೆಂಡುಗಳು ಒಂದರ ಹಿಂದೊಂದು ಹಕ್ಕಿಯ ಸಾಲಿನಂತೆ ನೆಟ್ ದಾಟುತ್ತಿದ್ದವು. ಬಸ್ಸಪ್ಪನಿಗೆ ಕಣ್ಣು ತುಂಬಿ ಬಂತು. ತನ್ನ ಮಗಳು ಹೊಟ್ಟಿನ ಗುಡ್ಡೆಯಲ್ಲಿ ಚೆಂಡು ಹುಡುಕುತ್ತಿದ್ದಾಳೆ, ಇಲ್ಲಿನ ಮಕ್ಕಳು ಆಗಲೇ ಆಟಗಾರರಾಗಿಬಿಟ್ಟಿದ್ದಾರೆ!

ಎರಡು ದಿನ ಬಿಟ್ಟು ಅವನು ಕಾಟಾದ ಕಿಟಕಿಗೆ ಬಂದು ನಿಂತ. ಹೆಗಲ ಮೇಲಿನ ಟವೆಲ್ಲನ್ನು ಎರಡು ಸಲ ಕೊಡವಿದ.

"ಅಣ್ಣ, ತಪ್ಪು ತಿಳೀಬ್ಯಾಡ. ಮೂರು ವಾರ ಐತಿ ಅಷ್ಟ. ಹುಡುಗಿನ್ನ ಅಕ್ಕನ ಮನ್ಯಾಗ ಬಿಡ್ತೀನಿ. ಅಲ್ಲಿಂದ ಶಿಬಿರಕ್ಕ ಹೋಗಿ ಬರ್ಲಿ. ನಿನ್ನಿ ಸಂಜಿ ನಾ ಲಾರಿ ಮ್ಯಾಲಿಂದ ನೋಡಾಕತ್ತಿದ್ದೆ, ಹತ್ತರಾಗ ಏಳು ಬಾಲು ಕೆಡಿಸಿದ್ಳು. ಮನಿಗೆ ಬಂದು ಉಣ್ಣಲಿಲ್ಲ."

ಇನ್ನು ಮೂರೇ ವಾರ ಬಿಡು, ಹಣ್ಣಾಗುವ ಹೊತ್ತಿಗೆ ಕೀಳಬೇಡ ಎನ್ನಬೇಕೆಂದು ಗದ್ದೆಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹತ್ತರಲ್ಲಿ ಏಳು ಕೆಟ್ಟದ್ದು ಖರೆ. ಉಳಿದ ಮೂರನ್ನು ಹಿಡಿದುಕೊಂಡು ವಾದ ಮಾಡುವುದು ಹೇಗೆ? ಜೊತೆಗೆ ಸ್ವಲ್ಪ ಸಿಟ್ಟೂ ಇತ್ತು. ಲಾರಿ ಮೇಲಿಂದ ನೋಡಿದ ಮನುಷ್ಯ ಕೆಳಗಿಳಿದು ಬಂದು ಕೇಳಬಹುದಿತ್ತು.

"ನಿನ್ನ ಮಗಳು. ಕರಕೊಂಡು ಹೋಗು," ಎಂದು ಚೀಟಿ ಬರೆಯತೊಡಗಿದ. ಮುಂದೆ ಲಾರಿ ಇರಲಿಲ್ಲ.

ಮೂರನೆಯ ದಿನಕ್ಕೆ ಫೋನು ಬಂತು.

"ಕಾಕಾ! ನನಗ ಬಂತು! ಸರ್ವಿಸ್ ಒಂದೂ ತಪ್ಪವಲ್ದು. ಸರ್ರು ಎಲ್ಲಾರ ಮುಂದ ನನ್ನ ನಿಂದ್ರಿಸಿ, ಹಿಂಗ ಹೊಡೀರಿ ಅಂತ ತೋರಿಸಿದ್ರು! ಕಾಕಾ, ಕೇಳಾಕತ್ತೀಯಿಲ್ಲ?"

ಬಹಳ ದಿನದ ಮೇಲೆ ಅವಳ ಪೂರ್ತಿ ದನಿ ಕೇಳಿದ್ದ. "ಕೇಳಾಕತ್ತೀನವ್ವ, ಶಾಬಾಸ್," ಎಂದ. ಆ ಮಾತು ತನ್ನ ಬಾಯಿಂದ ಅವಳಿಗೆ ಹೋದದ್ದು ಅದೇ ಮೊದಲು ಎಂಬುದು ಫೋನು ಇಟ್ಟ ಮೇಲೆ ಹೊಳೆಯಿತು. ಇಷ್ಟು ಹಗುರವಾದ ಮಾತು, ತೂಗುವವನ ಕೈಗೆ ಇಷ್ಟು ದಿನ ಭಾರವಾಗಿತ್ತಲ್ಲ!

ಆಯ್ಕೆಯ ದಿನ ರಜೆ ಹಾಕಿ ಲಿಂಗಸುಗೂರಿಗೆ ಹೋದ. ಬೇಲಿಯ ಬಳಿ ಆನಂದಕುಮಾರ ಮಾಸ್ತರರೇ ಗುರುತು ಹಿಡಿದು ಮಾತಾಡಿಸಿದರು. ಸೊಕ್ಕಿಲ್ಲದ ಮನುಷ್ಯ.

"ಜವಳಗೇರಾದ ಗದ್ದೆಪ್ಪನವರು ನೀವೇ ಏನ್ರಿ? ಹುಡುಗಿ ಬಾಯಿ ತುಂಬ ನಿಮ್ಮ ಹೆಸರ ಐತ್ರಿ. ಭಾರಿ ಕೈ ಅಕಿದು. ನಾ ಏನೂ ಮಾಡಿಲ್ರಿ, ತಯಾರಾಗೇ ಬಂದಿದ್ಳು."

ಮೊದಲು ಸರ್ವಿಸ್. ಮೌನೇಶ್ವರಿ ಗೆರೆಯ ಮೇಲೆ ನಿಂತು ಒಂದು, ಎರಡು, ಮೂರು, ಎಲ್ಲವನ್ನೂ ಅಚ್ಚು ಹೊಡೆದಂತೆ ಹೊಡೆದಳು. ಬಸ್ಸಪ್ಪ ಪಕ್ಕದವನ ತೊಡೆ ತಟ್ಟಿ, ಪಕ್ಕದವನು ಅಪರಿಚಿತನೆಂದು ತಿಳಿದು ಕೈ ಹಿಂದೆಗೆದುಕೊಂಡ. ಆಮೇಲೆ ಆರಿಸುವವರು ಸೀಟಿ ಕೆಳಗಿಟ್ಟರು. ಒಬ್ಬರು ಈ ಕಡೆ, ಒಬ್ಬರು ಆ ಕಡೆ ನಿಂತು ಚೆಂಡು ಒಗೆಯತೊಡಗಿದರು. ಒಂದು ಎಡಕ್ಕೆ, ಒಂದು ಮೇಲೆ, ಒಂದು ನೆಟ್ಟಿನ ಹತ್ತಿರ. ಯಾವುದು ಎಲ್ಲಿಗೆಂದು ಹೇಳುವವರಿಲ್ಲ.

ಗದ್ದೆಪ್ಪ ಬೇಲಿಯ ತಂತಿ ಹಿಡಿದ. ಇದು ಅವನ ಕಣ. ಸುಣ್ಣ ಬಳಿದಿದ್ದಾರೆ, ಹೊಟ್ಟಿನ ಗುಡ್ಡೆ ಇಲ್ಲ, ಅಷ್ಟೇ ವ್ಯತ್ಯಾಸ.

ಮೊದಲ ಚೆಂಡು ಎಡಕ್ಕೆ ತಗ್ಗಿನಲ್ಲಿ ಬಂತು. ಅವಳ ಹಿಮ್ಮಡಿ ತಿರುಗಿತು. ಚೆಂಡಿಗಿಂತ ಮೊದಲೇ ತಿರುಗಿತು, ಅವನು ಕಣ್ಣಾರೆ ಕಂಡ. ಮೈ ಬಗ್ಗಿತು, ಕೈಗಳು ಜೋಡಿಸಿಕೊಂಡು ಎದ್ದವು. ಆಮೇಲೆ ನಡುದಾರಿಯಲ್ಲಿ ಇಳಿದುಬಿಟ್ಟವು. ಅವಳು ಬೇಲಿಯ ಕಡೆ ನೋಡಿದಳು. ಮಿಲ್ಲಿನ ಕಣದಲ್ಲಿ ಸಂಜೆ ಸಂಜೆಗೂ ಕಂಡಿದ್ದ ಅದೇ ಮುಖ. ಇದು ನನಗೆ ಬಾರದ್ದು ಎಂಬ ಮುಖ. ಕಾಲಿಗೆ ಗೊತ್ತಿತ್ತು, ಮುಖಕ್ಕೆ ಗೊತ್ತಿರಲಿಲ್ಲ. ಮುಂದಿನ ಚೆಂಡಿಗೆ ಕಾಲೂ ಮುಖದ ಮಾತು ಕೇಳಿತು.

ಆರಿಸಿದವರ ಹೆಸರು ಕೂಗಿದಾಗ ಅವಳ ಹೆಸರಿರಲಿಲ್ಲ. ಆನಂದಕುಮಾರರ ಶಿಬಿರದ ಒಬ್ಬರದೂ ಇರಲಿಲ್ಲ. ಅವರು ಕೊರಳಿನ ಸೀಟಿಯನ್ನು ತಿರುವುತ್ತ, "ನನ್ನ ಮಕ್ಕಳು ಶಿಬಿರದಾಗ ಹುಲಿ, ಪಂದ್ಯದಾಗ ಇಲಿ ಆಗ್ತಾವ್ರಿ. ಯಾಕಂತ ತಿಳಿವಲ್ದು," ಎಂದರು.

ತಿರುಗಿ ಬರುವಾಗ ಬಸ್ಸು ಮಸ್ಕಿಯಲ್ಲಿ ನಿಂತಿತು. ಬಸ್ಸಪ್ಪ ಮಗಳಿಗಾಗಿ ಮಿರ್ಚಿ ಭಜಿ ತರಲು ಇಳಿದ. ಅವಳಿಗೆ ಇಷ್ಟವಾದದ್ದು ಅದು. ಗದ್ದೆಪ್ಪ ಹಿಂದಿನ ಸೀಟಿನಲ್ಲಿದ್ದ. ಮೌನೇಶ್ವರಿ ತಿರುಗದೆ, ಕಿಟಕಿಯ ಸರಳಿಗೆ ಹೇಳುವಂತೆ ಹೇಳಿದಳು.

"ಅದು ನಿನ್ನ ಕಣದ ಬಾಲು ಕಾಕಾ. ಬಂದ ಕೂಡ್ಲೆ ಗುರುತು ಹಿಡದೆ. ಅದು ನನಗ ಎಂದೂ ಬಂದಿಲ್ಲ, ಬರಂಗೂ ಇಲ್ಲ. ಆಟ ನನ್ನ ಹಣಿಬರಹದಾಗಿಲ್ಲ ಬಿಡು."

ನಿನಗೆ ಬಂದಿತ್ತವ್ವ ಎನ್ನಬೇಕೆನಿಸಿತು. ಆದರೆ ಅವನಿಗೇ ಖಾತ್ರಿ ಎಲ್ಲಿತ್ತು? ಕಣ್ಣಿಗೆ ಕಂಡದ್ದು ಒಂದು ಹಿಮ್ಮಡಿ. ಅಷ್ಟರಲ್ಲಿ ಬಸ್ಸಪ್ಪ ಪೇಪರಿನ ಪೊಟ್ಟಣ ಹಿಡಿದು ಮೇಲೆ ಬಂದ. ಮೂವರೂ ಭಜಿ ತಿಂದರು. ಖಾರ ಹೆಚ್ಚಾಗಿದೆ ಎಂದು ಬಸ್ಸಪ್ಪ ಎರಡು ಸಲ ಹೇಳಿದ. ಅವರ ಮೂವರ ಕಣ್ಣಿಗೂ ಅದು ಒಳ್ಳೆಯ ನೆವವಾಯಿತು.

ಖಾತ್ರಿ ಬಂದದ್ದು ಮಳೆಗಾಲದಲ್ಲಿ. ಬೇಸಿಗೆಯಲ್ಲಿ ಮೌನೇಶ್ವರಿಗಿಂತ ಹೆಚ್ಚು ಚೆಂಡು ಕೆಡಿಸಿದ್ದ ವಸೀಮಾ ಕಣ ಬಿಟ್ಟಿರಲಿಲ್ಲ. ನಗುವುದನ್ನೂ ಬಿಟ್ಟಿರಲಿಲ್ಲ. ಒಂದು ಸಂಜೆ, ತುಂತುರು ಬೀಳುತ್ತಿದ್ದಾಗ, ಗದ್ದೆಪ್ಪ ಎಂದಿನಂತೆ ಹತ್ತು ಕಡೆಗೆ ಹತ್ತು ನಮೂನೆ ಒಗೆದ. ಹತ್ತೂ ತಿರುಗಿ ಬಂದವು. ವಸೀಮಾಗೆ ಗೊತ್ತೇ ಆಗಲಿಲ್ಲ, ಗೇಟಿನಲ್ಲಿ ಚಹಾ ಸೋಸುತ್ತಿದ್ದ ಹಸನ್‌ಸಾಬ ಮಾತ್ರ ಸೋಸುವುದನ್ನು ಮರೆತು ನಿಂತಿದ್ದ. "ಏ ಗದ್ದೆಪ್ಪಣ್ಣ, ಇವತ್ತೇನು ಬಾಲಿಗೆ ದವಾ ಹಾಕೀಯೇನು?" ಎಂದ. ಗದ್ದೆಪ್ಪ ಕಾಟಾದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತ. ಮರುವರ್ಷ ವಸೀಮಾಗೆ ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕಿತು. ಹಸನ್‌ಸಾಬ ಊರಿಗೆಲ್ಲ ಪುಕ್ಕಟೆ ಚಹಾ ಕೊಟ್ಟ. ಗದ್ದೆಪ್ಪನ ಗ್ಲಾಸಿನ ಚಹಾ ಹಾಗೇ ಆರಿಹೋಯಿತು.

ಆಗಿನಿಂದ ಅವನೊಳಗೆ ಒಂದು ಮಾತು ಕೂತುಕೊಂಡಿತು: 'ನಿನಗ ಬಂದಿತ್ತವ್ವ. ನಾ ಹೇಳಲಿಲ್ಲ.' ಮೌನೇಶ್ವರಿಯ ಮದುವೆಗೆ ಗುರುಗುಂಟಾಕ್ಕೆ ಹೋಗುವಾಗ ಬಸ್ಸಿನಲ್ಲಿ ಇದನ್ನೇ ತುಟಿಯಲ್ಲಿ ಆಡಿಸುತ್ತ ಹೋದ. ಮೈಗೆಲ್ಲ ಅರಿಷಿಣ ಹಚ್ಚಿಕೊಂಡು ತಲೆ ತಗ್ಗಿಸಿ ಕುಳಿತ ಹುಡುಗಿಗೆ ಅದನ್ನು ಹೇಳುವ ಜಾಗವಿರಲಿಲ್ಲ. ಹಂದರದಲ್ಲಿ ಬ್ಯಾಂಡಿನವರ ಗಲಾಟೆ ಬೇರೆ. ಸ್ಟೀಲಿನ ಕೊಡ ಮುಯ್ಯಿ ಮಾಡಿ, ಉಂಡು ಬಂದ. ಮತ್ತೊಮ್ಮೆ ಸಿಂಧನೂರಿನ ಸಂತೆಯಲ್ಲಿ ದೂರದಿಂದ ಕಂಡಳು. ಕೂಗುವಷ್ಟರಲ್ಲಿ ಟಂಟಂ ಹತ್ತಿ ಹೋಗ್ಯಾಳ ಎಂದು ಯಾರೋ ಹೇಳಿದರು.

ಸಾಹುಕಾರರು ಕಣದ ಮೇಲೆ ಗೋದಾಮು ಕಟ್ಟಿಸಿದರು. ಕಂಬ ಕಿತ್ತರು. ನೆಟ್ಟನ್ನು ಹಸನ್‌ಸಾಬ ತನ್ನ ಕೋಳಿಗಳು ಆಚೆ ಹೋಗದಂತೆ ಕಟ್ಟಿಕೊಂಡ. ಊರಿನಲ್ಲಿ ಆಮೇಲೆ ಬಂದ ನೆಟ್ಟೆಂದರೆ ಮೊಬೈಲಿನದು, ಅದಕ್ಕೆ ಕಂಬ ಬೇಕಿರಲಿಲ್ಲ. ಬಾಲ್ ಗದ್ದೆಪ್ಪನ ಹೆಸರಿನಲ್ಲಿ ಮಾತ್ರ ಬಾಲು ಉಳಿಯಿತು.

ಈ ಸಲದ ಮುಂಗಾರಿಗೆ ಅವನು ಎರಡೆಕರೆ ಗುತ್ತಿಗೆಗೆ ಹಿಡಿದ. ಕೊನೆಗೂ ಗದ್ದೆಪ್ಪನಿಗೆ ಗದ್ದೆ ಬಂತಲ್ಲ ಎಂದು ಹಸನ್‌ಸಾಬ ತಮಾಷೆ ಮಾಡಿದ. ನಾಟಿಯ ಹೊತ್ತಿಗೆ ಈ ಕಡೆಯ ಕೂಲಿ ಸಾಲುವುದಿಲ್ಲ, ಗುರುಗುಂಟಾದ ಕಡೆಯ ಒಣಭೂಮಿಯ ಹೆಂಗಸರು ಗುಂಪು ಕಟ್ಟಿಕೊಂಡು ಬಂದು, ನೆಂಟರ ಮನೆಗಳಲ್ಲಿ ಉಳಿದು, ನೆಲ್ಲು ಹಚ್ಚಿಕೊಟ್ಟು ಹೋಗುತ್ತಾರೆ. ನಾಟಿಯ ದಿನ ಬೆಳಿಗ್ಗೆ ಬಂದ ಗುಂಪಿಗೆ ಮುಂದಾಳು ಬಸ್ಸಪ್ಪನ ಅಕ್ಕ ಆದಮ್ಮ. ಅವಳ ಹಿಂದೆ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ತಲೆಗೆ ಟವೆಲ್ಲು ಸುತ್ತಿಕೊಂಡು ಮೌನೇಶ್ವರಿ.

"ಆರಾಮಿದ್ದಿಯೇನು ಕಾಕಾ?"

"ಆರಾಮವ್ವ. ನೀನು?"

"ನೋಡಾಕತ್ತೀಯಲ್ಲ," ಎಂದು ನಕ್ಕು ಕೆಸರಿಗಿಳಿದಳು.

ಕಟ್ಟು ಒಗೆಯುವ ಆಳು ಬಂದಿರಲಿಲ್ಲ. ಗದ್ದೆಪ್ಪ ತಾನೇ ಬದುವಿನ ಮೇಲೆ ನಿಂತ. ಕೈಗೆ ನೆನಪಿತ್ತು, ಹೆಗಲಿಗೆ ವಯಸ್ಸಾಗಿತ್ತು. ನಾಲ್ಕು ಕಟ್ಟು ಸರಿಯಾಗಿ ಬಿದ್ದವು, ಐದನೆಯದು ಕೈ ಜಾರಿ ಸೀದಾ ಆದಮ್ಮನ ತಲೆಯ ಕಡೆಗೆ ಹಾರಿತು. "ಅಯ್ಯೋ" ಎನ್ನಲೂ ಅವನಿಗೆ ಹೊತ್ತಿರಲಿಲ್ಲ. ಅತ್ತೆಯ ಪಕ್ಕದಲ್ಲಿ ಬಗ್ಗಿದ್ದ ಮೌನೇಶ್ವರಿಯ ಹಿಮ್ಮಡಿ ಕೆಸರಿನೊಳಗೇ ತಿರುಗಿತು. ಬೆನ್ನು ಪೂರ್ತಿ ಎತ್ತದೆ ಎರಡೂ ಮುಂಗೈ ಜೋಡಿಸಿ ಕಟ್ಟನ್ನು ಮೇಲೆತ್ತಿದಳು. ಅದು ಎಲ್ಲರ ತಲೆಯ ಮೇಲಿಂದ ಹೋಗಿ, ಖಾಲಿ ಬಿದ್ದಿದ್ದ ಮೂಲೆಯಲ್ಲಿ ಹೇಳಿ ಇಟ್ಟಂತೆ ಕುಳಿತಿತು.

ಹೆಂಗಸರೆಲ್ಲ ಹೋ ಎಂದರು. "ಯವ್ವಾ, ನಿನ್ನ ಸೊಸಿ ಅತ್ತಿ ಜೀವ ಉಳಿಸಿದ್ಳು ನೋಡು ಆದಮ್ಮ! ಇಂಥಾಕಿ ಯಾವ ಊರಾಗ ಸಿಗತಾಳ!" ಎಂದು ಒಬ್ಬಳು ಕೂಗಿದಳು.

ಗದ್ದೆಪ್ಪನ ಕೈ ಅವನ ಮಾತು ಕೇಳಲಿಲ್ಲ. ಇನ್ನೊಂದು ಕಟ್ಟು ತೆಗೆದು ಅವಳ ಬಲಕ್ಕೆ ಒಗೆಯಿತು. ಅವಳು ಎತ್ತಿದಳು. ಮತ್ತೊಂದು ತಲೆಯ ಮೇಲೆ. ಬೆರಳ ತುದಿಯಲ್ಲಿ ಅದನ್ನು ಹಿಂದಕ್ಕೆ ಕಳಿಸಿದಳು. ಮತ್ತೊಂದು ಎಡಕ್ಕೆ, ತಗ್ಗಿನಲ್ಲಿ. ಲಿಂಗಸುಗೂರಿನ ಅದೇ ಚೆಂಡು. ಅವಳು ಒಂದು ಮಂಡಿಯನ್ನು ಕೆಸರಿಗೆ ಊರಿ, ಅದನ್ನೂ ಎತ್ತಿ ಕಳಿಸಿದಳು. ಒಂದರ ಹಿಂದೆ ಅದೇ ನಮೂನೆಯ ಇನ್ನೊಂದು ಬರಲಿಲ್ಲ. ಒಂದೂ ತಪ್ಪಲಿಲ್ಲ. ಇಷ್ಟು ವರ್ಷ ಚೆಂಡು ಮುಟ್ಟದ, ಕುರಿ ಹೊಡೆದ, ಕಸ ಕಿತ್ತ, ರೊಟ್ಟಿ ಬಡಿದ ಕೈ.

ಗದ್ದೆಪ್ಪನ ಬಾಯಲ್ಲಿ ಮಾತು ಎದ್ದು ನಿಂತಿತು. ಇಂದು ಹೇಳಿಯೇ ಬಿಡುತ್ತೇನೆ ಎಂದುಕೊಂಡ.

ಅವಳು ಏದುಸಿರು ಬಿಡುತ್ತ ನಿಂತು ತನ್ನ ಮುಂಗೈಗಳ ಮೇಲಿನ ಕೆಸರಿನ ಪಟ್ಟೆ ನೋಡಿಕೊಂಡಳು. ನಗುತ್ತಲೇ ಇದ್ದಳು. ಆದಮ್ಮ ಸೊಂಟ ಹಿಡಿದುಕೊಂಡು, "ಇದೆಲ್ಲಿ ಕಲ್ತಿದ್ದಿ ಬೇ ನೀನು? ನಮಗ ಹೇಳೇ ಇಲ್ಲ!" ಎಂದಳು.

"ಸಣ್ಣಾಕಿ ಇದ್ದಾಗ ಕಾಕಾನ ಕಣದಾಗ ಆಡತಿದ್ದೆ ಅತ್ತಿ. ಅವಾಗ ಬರ್ತಿದ್ದಿಲ್ಲ. ಅದಕ್ಕ ಬಿಟ್ಟೆ. ಬರ್ತಿತ್ತಂದ್ರ ನಾ ಬಿಡಾಕಿನಾ? ನಾ ಇಲ್ಲಿ ಇರತಿದ್ದೆನಾ?" ಎಂದಳು. ಆಮೇಲೆ ನಗು ಹಾಗೆಯೇ ಇಟ್ಟುಕೊಂಡು ಬದುವಿನ ಕಡೆ ತಿರುಗಿದಳು. "ಹೌದಿಲ್ಲ ಕಾಕಾ? ಬರ್ತಿದ್ದಿಲ್ಲಲ್ಲ ನನಗ?"

ನಗು ತುಟಿಯಲ್ಲಿತ್ತು, ಕಣ್ಣು ಮಾತ್ರ ಅವನ ಬಾಯನ್ನೇ ಕಾಯುತ್ತಿತ್ತು. ಗದ್ದೆಪ್ಪನಿಗೆ ಆಗ ತಿಳಿಯಿತು. ತಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ ಮಾತು ಇವಳಿಗೆ ಕೊಡಬೇಕಾದದ್ದಲ್ಲ. ನನಗೆ ಬರುತ್ತಿರಲಿಲ್ಲ ಎಂಬ ಒಂದು ಹಲಗೆಯ ಮೇಲೆ ಇವಳು ಇಡೀ ಬದುಕನ್ನು ನಿಲ್ಲಿಸಿಕೊಂಡಿದ್ದಾಳೆ. ಅದನ್ನು ಎಳೆದರೆ ನಿಂತದ್ದೆಲ್ಲ ಎಲ್ಲಿಗೆ ಬೀಳುತ್ತದೆ? ಹೇಳಬೇಕಾದಾಗ ಹೇಳದ ಮಾತು ಈಗ ಹೇಳಿದರೆ ತನ್ನ ಎದೆಯಷ್ಟೇ ಹಗುರವಾದೀತು.

"ಹೌದವ್ವ," ಎಂದ. "ಅವಾಗ ಬರ್ತಿದ್ದಿಲ್ಲ."

"ನೋಡಿದ್ಯಾ ಅತ್ತಿ," ಎಂದಳು ಮೌನೇಶ್ವರಿ. ಒಂದು ಕ್ಷಣ ಅವನನ್ನೇ ನೋಡಿದಳು, ಸ್ವಲ್ಪ ಹೆಚ್ಚು ಹೊತ್ತು ನೋಡಿದಳೇನೋ. ಆಮೇಲೆ ಬಗ್ಗಿ ಸಸಿ ಹಚ್ಚತೊಡಗಿದಳು. ಸಾಲು ಹಿಂದಕ್ಕೆ ಸರಿಯಿತು.

ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತದೆ ಅವಳೇ ಕೂಗಿದಳು. "ಕಾಕಾ, ಇಲ್ಲಿ ಸಸಿ ತೀರ್ಯಾವ. ಒಗಿ."

ಗದ್ದೆಪ್ಪ ಕಟ್ಟು ಎತ್ತಿಕೊಂಡ. ಕೈ ಹಿಂದಕ್ಕೆ ಹೋಯಿತು, ಅಲ್ಲಿಯೇ ನಿಂತಿತು. ಇವಳಿಗೆ ಒಗೆದದ್ದು ಸಾಕು ಎನಿಸಿತು. ಅವನು ಚಪ್ಪಲಿ ಬಿಟ್ಟು, ಪಂಚೆ ಮೇಲೆ ಕಟ್ಟಿ, ಮೊಣಕಾಲುದ್ದ ಕೆಸರಿನಲ್ಲಿ ಒಂದೊಂದೇ ಹೆಜ್ಜೆ ಕಿತ್ತಿಡುತ್ತ ಅವಳವರೆಗೂ ನಡೆದು ಹೋದ.

"ಏನ್ರಿ ಗದ್ದೆಪ್ಪನವರ, ಹಿಂಗ ಒಂದೊಂದು ಕೈಗೆ ಕೊಟ್ರ ನಾಟಿ ದೀಪಾವಳಿಗೆ ಮುಗಿತೈತಿ!" ಎಂದು ಆದಮ್ಮ ನಕ್ಕಳು.

ಅವನು ಸಸಿಯ ಕಟ್ಟನ್ನು ಮೌನೇಶ್ವರಿಯ ಕೈಯಲ್ಲಿ ಇಟ್ಟ.